ಮೊಟ್ಟೆಯ ಲೆಕ್ಕ

ಕಾರಿಗೆ ಏನಾಗಿದೆ ಅಂದೆ.
ತ್ಸೆರ್ಮಾ ಬಾಯಿ ಬಿಡಲಿಲ್ಲ, ಪುಸ್ತಕ ಬಿಚ್ಚಿದಳು.
ಸೋಮವಾರ: ಎಡ ತಟ್ಟೆಯಲ್ಲಿ ಎರಡು, ಬಲದಲ್ಲಿ ಒಂಬತ್ತು.
ಮಂಗಳವಾರ: ಎಡ ಒಂದು, ಬಲ ಹನ್ನೊಂದು.
ಬುಧವಾರ ಬರೆದಿರಲಿಲ್ಲ,
ಹಳದಿ ಲೋಳೆ ಹಾಳೆಗೇ ಅಂಟಿತ್ತು.

ಹಾಲು ಹಾಕುವವರಿದ್ದಂತೆ
ಇವಳು ಉಲಾನ್‌ಬಾತರಿನ ಅಂಗಡಿಗಳಿಗೆ
ಮೊಟ್ಟೆ ಹಾಕುವವಳು. ನಗಬೇಡಿ.
ಜಪಾನಿನಲ್ಲಿ ಯಾರೋ ದಣಿಸಿ ಮಾರಿದ ಕಾರು,
ಸ್ಟಿಯರಿಂಗ್ ಬಲಕ್ಕೆ. ಇಲ್ಲಿ ಓಡಿಸುವುದೂ ರಸ್ತೆಯ ಬಲಕ್ಕೆ.
ಹಾಗಾಗಿ ಅಂಚಿನ ಗುಂಡಿಯೆಲ್ಲ
ಅವಳ ಕಾಲ ಕೆಳಗೇ.

ಮಡ್‌ಗಾರ್ಡಿನ ಮೇಲೆ ಮೈಭಾರ ಹಾಕಿ ಒತ್ತಿ ಬಿಟ್ಟೆ.
ಒಳ್ಳೆಯ ಕಾರು ಒಮ್ಮೆ ಎದ್ದು ಸುಮ್ಮನಾಗುತ್ತದೆ.
ಇದು ಎದ್ದಿತು, ಕುಸಿಯಿತು, ಮತ್ತೆ ಎದ್ದಿತು,
ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಹೊಸ ಅಳಿಯನ ಹಾಗೆ.
ಟೈರಿನ ಮೇಲೆ ಕೈಯಾಡಿಸಿದೆ: ಒಂದು ಉಬ್ಬು, ಒಂದು ತಗ್ಗು,
ಇಲಿ ಕಡಿದ ರೊಟ್ಟಿಯಂಚು.
ಸ್ಟ್ರಟ್ಟಿನ ಮೈಮೇಲೆ ಎಣ್ಣೆ ಇಳಿದು,
ಎಣ್ಣೆಯ ಮೇಲೆ ಧೂಳು, ಧೂಳಿನ ಮೇಲೆ ಹಿಮ ಕೂತು
ಕಪ್ಪು ಹೆಕ್ಕಳೆಯಾಗಿತ್ತು.

ಸತ್ತಿದೆ ಅಂದೆ.
ಎಷ್ಟಕ್ಕೆ ಬದುಕುತ್ತದೆ ಅಂದಳು.
ಹೇಳಿದೆ. ಅವಳು ಅದನ್ನು ಮೊಟ್ಟೆಗೆ ಬದಲಿಸಿ ಎಣಿಸಿದಳು,
ತುಟಿ ಅಲುಗುತ್ತಿತ್ತು.

ಅಲ್ಲೇ ನಾನು ತಪ್ಪಿದ್ದು.
ಮೇಲಿನ ಮೌಂಟು, ಆ ರಬ್ಬರಿನ ಟೋಪಿ,
ಇನ್ನೊಂದು ಚಳಿಗಾಲ ತಡೆದೀತು ಅಂದುಕೊಂಡೆ.
ಸ್ಟ್ರಟ್ಟು ನನ್ನ ಕಪಾಟಿನಲ್ಲಿತ್ತು, ಮೌಂಟು ಇರಲಿಲ್ಲ.
ಅವಳ ದುಡ್ಡು ಉಳಿಸಿದೆ ಅಂತ ಹೇಳಿಕೊಂಡೆ.
ಉಳಿಸಿದ್ದು ಮೈನಸ್ ಇಪ್ಪತ್ತೆಂಟರಲ್ಲಿ
ಬಿಡಿಭಾಗದ ಸಂತೆಯವರೆಗಿನ ನನ್ನ ನಡಿಗೆಯನ್ನು.

ವಾರ ಕಳೆದು ಬಂದಳು.
ಎಡ ಎರಡು, ಬಲ ನಾಲ್ಕು.
ಇಳಿದಿದೆಯಲ್ಲ ಅಂದೆ.
ಸದ್ದು ಹೋಗಿಲ್ಲ ಅಂದಳು. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದರೆ
ಒಳಗೆ ಯಾರೋ ಹಲ್ಲು ಕಡಿಯುತ್ತಾರೆ.

ಬಾದ್ರಾಲನನ್ನು ಸೀಟಿನಲ್ಲಿ ಕೂರಿಸಿ ತಿರುಗಿಸು ಅಂದೆ.
ಚಕ್ರದ ಹಿಂದೆ ಕೈ ತೂರಿಸಿ
ಸ್ಪ್ರಿಂಗಿನ ಮೇಲೆ ಎರಡು ಬೆರಳಿಟ್ಟೆ, ನಾಡಿ ನೋಡಿದ ಹಾಗೆ.
ಸರಾಗ ತಿರುಗಬೇಕಾದ್ದು ತಿರುಗಲಿಲ್ಲ.
ಬಿಗಿದುಕೊಂಡಿತು, ಇನ್ನೂ ಬಿಗಿದುಕೊಂಡಿತು,
ಆಮೇಲೆ ಟಣ್ಣನೆ ಒಂದೇ ನೆಗೆತ.
ನನ್ನ ಮೊಣಕೈವರೆಗೂ ಬಂತು.

ಕೆಲಸ ಕಲಿಯುವ ಹುಡುಗನ ಮುಂದೆ ಹೇಳುವುದು ಕಷ್ಟ.
ಹೇಳಿದೆ:
ಇದು ನಾನು ಬಿಟ್ಟ ಬೇರಿಂಗು. ಕೂಲಿ ಬೇಡ.

ಮತ್ತೆ ಬಿಚ್ಚಿದೆವು.
ಸ್ಪ್ರಿಂಗಿಗೆ ಎದುರುಬದುರು ಕೊಕ್ಕೆ ಹಾಕಿ
ಈ ಕಡೆ ನಾಲ್ಕು ಸುತ್ತು, ಆ ಕಡೆ ನಾಲ್ಕು ಸುತ್ತು.
ನಡುವಿನ ನಟ್ಟು ಮುಟ್ಟಬೇಡ ಅಂದೆ ಬಾದ್ರಾಲನಿಗೆ,
ಸ್ಪ್ರಿಂಗು ತನ್ನ ಗುಳಿಯಲ್ಲಿ ಸಡಿಲಾಗಿ ಆಡುವ ತನಕ.
ಇದಕ್ಕೆ ಸಿಟ್ಟಿದೆ.
ಗೋಡೆಯ ಆ ತೂತು ಯಾವುದು ಅಂತ ಕೇಳುತ್ತಿದ್ದೆಯಲ್ಲ,
ಅದು ನನ್ನ ಇಪ್ಪತ್ತರ ಹರೆಯ.

ಹಳೆಯ ಬೇರಿಂಗು ಅಂಗೈಯಲ್ಲಿ ಆಡಿಸಿದೆ.
ಗ್ರೀಸು ಒಂದು ಹನಿ ಇರಲಿಲ್ಲ, ಬರೀ ಮರಳು.
ಗೋಬಿ ಇಷ್ಟು ದೂರ ಬಂದು
ಇವಳ ಕಾರಿನೊಳಗೆ ಮನೆ ಮಾಡಿತ್ತು.
ಹೊಸದು ಕೂರಿಸಿ, ಚಕ್ರ ತೊಡಿಸಿ, ಕಾರನ್ನು ನೆಲಕ್ಕಿಳಿಸಿ
ಮೇಲಿನ ಮೂರು ನಟ್ಟು ಕೊನೆಯ ಬಿಗಿ ಬಿಗಿದೆವು.
ಅಲೈನ್‌ಮೆಂಟಿಗೆ ಎದುರಿನ ಗ್ಯಾರೇಜು, ಅವರ ಬಾಯಿಗೂ ಬೀಳಬೇಕಾಯಿತು.

ಶನಿವಾರ ಪುಸ್ತಕ ತಂದಳು.
ಎಡ ಎರಡು, ಬಲ ಒಂದು.
ಈಗ ಎಡದ್ದು ಸೋತಿದೆ, ಜೋಡಿಯಾಗೇ ಬದಲಿಸಬೇಕಿತ್ತು ಅಂದೆ.
ಮೊದಲು ಎರಡು ಮಾರಿಕೊಳ್ಳುತ್ತೇನೆ ಅಂದಳು,
ಹಿಂದಿನ ಸೀಟಿನಿಂದ ಒಂದು ತಟ್ಟೆ ಎತ್ತಿ ಕೊಟ್ಟಳು.
ಮೂವತ್ತು. ಬೇಡವೆಂದರೂ ಕೇಳಲಿಲ್ಲ.

ರಾತ್ರಿ ಅದನ್ನು ನನ್ನ ಕಾರಿನಲ್ಲಿಟ್ಟು ಹೊರಟೆ.
ರೈಲು ಹಳಿಯ ಹತ್ತಿರ ಎಂದಿನಂತೆ ರೇಡಿಯೋ ಜೋರು ಮಾಡಿದೆ.
ಮೂರು ವರ್ಷದಿಂದ ಹಾಗೆಯೇ ದಾಟುತ್ತಿದ್ದೇನೆ.

ಹೆಂಡತಿ ಬಾಗಿಲಲ್ಲೇ ತಟ್ಟೆ ಇಸಕೊಂಡು
ಎಷ್ಟು ಕೊಟ್ಟಳು ಅಂದಳು.
ಇಪ್ಪತ್ತಮೂರು ಅಂದೆ.