ಎರಡೂವರೆ ಗಂಟೆಯ ಬಲೂನು

ಬೆನ್ನಿಗೆ ಕೋಲು, ಕೋಲಿಗೆ ದಾರ, ದಾರಕ್ಕೊಂದು ಹಳದಿ ಬಲೂನು.
ಅದರ ಹೊಟ್ಟೆಯ ಮೇಲೆ ದಪ್ಪ ಮಸಿಯಲ್ಲಿ
ಎರಡು, ಮೂವತ್ತು.
ಮತ್ರಾದ ಮೀನುಮಾರುಕಟ್ಟೆಯೆದುರು, ಶುಕ್ರವಾರದ ನಸುಕಿನಲ್ಲಿ,
ನಾನು ವಾಮನ ಕರ್ಕೇರ ಅಲ್ಲ,
ರೂವಿಯ ಟೈರ್ ಗೋದಾಮಿನ ಲೆಕ್ಕದವನೂ ಅಲ್ಲ;
ನಾನು ಬರೀ ಒಂದು ವೇಳೆ.

ಕಿಲೋಮೀಟರಿಗೆ ಏಳು ನಿಮಿಷ ಆರು ಸೆಕೆಂಡು.
ಏಳರ ಕೆಳಗಿಳಿದರೆ ಹಿಂದಿನವರ ಜೀವ ತಿಂದಂತೆ,
ಏಳೂಕಾಲು ದಾಟಿದರೆ ಅವರ ಆರು ತಿಂಗಳು ನುಂಗಿದಂತೆ.

ಇದನ್ನು ಕಾಲಿಗೆ ಕಲಿಸಿದ್ದು ಜುಲೈಯಲ್ಲಿ,
ಮಾಲಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ.
ಹೊರಗೆ ಬೆಳಗಿನ ನಾಲ್ಕಕ್ಕೇ ಮೂವತ್ತಾರು ಡಿಗ್ರಿ,
ಗಾಳಿಯೆಂದರೆ ಯಾರೂ ಹಿಂಡದೆ ಬಿಟ್ಟ ಬಟ್ಟೆ.
ಬಿ-ಏಳು ಕಂಬದಿಂದ ಹೊರಟು ಬಿ-ಏಳು ಕಂಬಕ್ಕೆ
ಮುನ್ನೂರ ನಲವತ್ತು ಮೀಟರು; ಗೋದಾಮಿನ ಟೇಪು ತಂದು ಅಳೆದದ್ದು.
ಕಾವಲಿನ ತಿಲಕ್ ಥಾಪಾ ಮೊದಲು ತಡೆದ,
ಆಮೇಲೆ ಸುತ್ತು ಎಣಿಸಿದ,
ಆಗಸ್ಟಿನಲ್ಲೊಂದು ದಿನ ತಾನೂ
ಡ್ಯೂಟಿ ಬೂಟಿನಲ್ಲೇ ಎರಡು ಸುತ್ತು ಓಡಿ
ಕಂಬ ಹಿಡಿದು ನಕ್ಕ.

ಎಂಟುನೂರು ಕಿಲೋಮೀಟರಿಗೆ ಶೂ ಬದಲಿಸಿ ಅನ್ನುತ್ತಾರೆ.
ನನ್ನದು ಸಾವಿರದಿನ್ನೂರು ದಾಟಿದೆ.
ಟೈರಿನವನಿಗೆ ಸವೆತ ಓದಲು ಬರುತ್ತದೆ:
ಬಲ ಹಿಮ್ಮಡಿಯ ಹೊರ ಅಂಚು ಮೊದಲು ಹೋಗಿದೆ,
ಅಲೈನ್‌ಮೆಂಟು ಸರಿಯಿಲ್ಲದಿರುವುದು ಶೂವಿನದಲ್ಲ.
ತೊಡೆಸಂದಿಗೆ ಕೀಲೆಣ್ಣೆಯ ಹಾಗೆ ವ್ಯಾಸಲೀನು,
ಸೊಂಟದ ಚೀಲದಲ್ಲಿ ನಾಲ್ಕು ಖರ್ಜೂರ, ಉಪ್ಪಿನ ಮಾತ್ರೆ.
ಉಪ್ಪು ತಿಂದವನು ನೀರು ಕುಡಿಯಲೇಬೇಕು;
ಇಲ್ಲಿ ಅದು ಗಾದೆಯಲ್ಲ,
ಒಂಬತ್ತನೇ ಕಿಲೋಮೀಟರಿನ ಮೇಜು.

ಬಲೂನಿನ ಕೆಳಗೆ ಹನ್ನೊಂದು ಜನ.
ಶಾಲೆಯ ನಾಸರ್ ಮಾಸ್ತರರು, ಉಸಿರಿಗೊಮ್ಮೆ ಏನೋ ಜಪಿಸುತ್ತ.
ಸೂಪರ್ ಮಾರ್ಕೆಟ್ಟಿನ ಮಾರಿವಿಕ್, ಗುಲಾಬಿ ಕಾಲುಚೀಲ.
ರಾತ್ರಿಪಾಳಿ ಮುಗಿಸಿ ಸೀದಾ ಬಂದ ನರ್ಸ್,
ಉಪ್ಪಿನಂಗಡಿಯ ಜುಲೇಖಾ:
"ಮಾರಾಯ್ರೆ, ಸ್ವಲ್ಪ ಮೆಲ್ಲ!"
"ಇದು ಮೆಲ್ಲವೇ. ಏಳು-ಆರು."
"ನಿಮ್ಮ ಏಳಕ್ಕೂ ಆರಕ್ಕೂ ಬೆಂಕಿ ಬೀಳ!"
ಹನ್ನೊಂದೂ ಜನ ನಕ್ಕರು, ಭಾಷೆ ಗೊತ್ತಿಲ್ಲದವರು ಸಹ.

ಅಲ್ ಬುಸ್ತಾನಿನ ವೃತ್ತ ಸುತ್ತಿ ಹಿಂದಿರುಗುವಾಗ ಸಿದಾಬಿನ ಏರು.
ಕರಿ ಬಂಡೆಗೆ ಬಿಸಿಲು ಆಗಲೇ ಬೆನ್ನು ಕೊಟ್ಟು ಕೂತಿತ್ತು.
ಏರಿನ ಅರ್ಧದಲ್ಲಿ ನನ್ನ ಬೆನ್ನ ಹಿಂದಿನ ಹೆಜ್ಜೆಸದ್ದಿನಲ್ಲಿ
ಒಂದು ಎಳೆ ಕಡಿಮೆಯಾಯಿತು.
ತಿರುಗಲಿಲ್ಲ.
ವೇಳೆಗೆ ಕುತ್ತಿಗೆ ಇರುವುದಿಲ್ಲ.
ಒಂದು ವೇಳೆ ನಿಂತರೆ, ಒಬ್ಬಳಿಗಾಗಿ
ಹತ್ತು ಜನರ ಗಡಿಯಾರ ಕೆಡುತ್ತದೆ;
ಈ ಲೆಕ್ಕ ಸರಿ,
ಎಷ್ಟು ಸಲ ಕೂಡಿಸಿದರೂ ಸರಿ,
ಆದರೂ ಇಳಿಜಾರಿನುದ್ದಕ್ಕೂ
ಹೋದ ಆ ಹೆಜ್ಜೆಯನ್ನೇ ಕೇಳಿಸಿಕೊಳ್ಳುತ್ತಿದ್ದೆ.

ಕೊನೆಯ ಕಿಲೋಮೀಟರಿನಲ್ಲಿ ಕೈ ಬೀಸಿ ಅಂದೆ:
ಹೋಗಿ, ಇನ್ನು ನನ್ನನ್ನು ಬಿಟ್ಟು ಹೋಗಿ.
ಹೋದರು. ಮಾಸ್ತರರು ಹುಡುಗನ ಹಾಗೆ.
ಎರಡು, ಇಪ್ಪತ್ತೊಂಬತ್ತು, ಐವತ್ತೊಂದು:
ಬಲೂನಿನ ಕೆಳಗೆ ಯಾರೂ ಇಲ್ಲದೆ ನಾನೊಬ್ಬನೇ ಗೆರೆ ದಾಟಿದೆ.
ಒಳ್ಳೆಯ ಬಲೂನು ಮುಟ್ಟುವುದೇ ಹಾಗಂತೆ.

ಮೀನಿನ ವಾಸನೆ, ಕಿತ್ತಳೆ ಹೋಳು, ಕೊರಳಿಗೆ ತಗಡಿನ ಪದಕ.
ನಾನು ಗೆರೆಯ ಹತ್ತಿರವೇ ನಿಂತಿದ್ದೆ, ಕೋಲು ಬಿಚ್ಚದೆ.
ಅವಳು ಬಂದಳು. ಕುಂಟುತ್ತ, ಮುಖ ಉಪ್ಪುಗಟ್ಟಿ,
ಯಾರ ಕೈಯ ನೀರನ್ನೂ ಮುಟ್ಟದೆ ನೇರ ನನ್ನ ಕಡೆಗೆ.
"ಏಳು ಕಿಲೋಮೀಟರು," ಅಂದಳು,
"ಏಳು ಕಿಲೋಮೀಟರು ಇದು ನನ್ನ ಕಣ್ಣೆದುರೇ ಕುಣಿಯುತ್ತಿತ್ತು,
ಒಮ್ಮೆ ಬೊಟ್ಟಿನಷ್ಟು, ಒಮ್ಮೆ ಅದೂ ಇಲ್ಲ."
ಎದೆಯ ನಂಬರಿನಿಂದ ಪಿನ್ನು ಕಿತ್ತಳು.
ನಾನು ಕೋಲು ಬಗ್ಗಿಸಿದೆ.

ಟಪ್.

ಮೀನುಕಟ್ಟೆಯ ಕಡಲಹಕ್ಕಿಗಳು ಒಟ್ಟಿಗೇ ಎದ್ದು
ಮತ್ತೆ ಅಲ್ಲೇ ಕೂತವು.
ಅವಳೀಗ ನೀರು ಕುಡಿದಳು.
"ಎಷ್ಟಾಯ್ತು?" ಎಂದಳು. ಮಣಿಕಟ್ಟು ನೋಡಿಕೊಂಡೆ;
ನಿಲ್ಲಿಸುವುದು ಮರೆತೇ ಹೋಗಿತ್ತು,
ಗಡಿಯಾರ ಇನ್ನೂ ಓಡುತ್ತಿತ್ತು.