ರೀಡಿಂಗ್

ಮೂವತ್ತೊಂದು ವರ್ಷ ಊರವರ ಮನೆ ಮೀಟರು ಓದಿದವನು ನಾನು.
ಕಾಕ್ಸ್‌ಟೌನು, ಬೆನ್ಸನ್‌ಟೌನು, ಟ್ಯಾನರಿ ರೋಡಿನ ಸಂದಿಗೊಂದಿ.
ಗೇಟು ತಳ್ಳುವ ಮೊದಲೇ ಗೊತ್ತು
ಯಾವ ನಾಯಿ ಬರೀ ಬೊಗಳುವುದು, ಯಾವುದು ಹಿಡಿಯುವುದು.

ಬೆನೆಡಿಕ್ಟಾ ಮೇಡಂ ಅಂಗಡಿಯ ಕಂಪ್ರೆಸರು
ತಿಂಗಳಿಗೆಷ್ಟು ಯೂನಿಟ್ಟು ತಿನ್ನುತ್ತದೆಂದು ಬರೆಯುತ್ತಿದ್ದವನೂ ನಾನೇ.
ಒಮ್ಮೆ ಕೇಳಿಯೇಬಿಟ್ಟೆ:
ಇಷ್ಟು ಕರೆಂಟು ಸುಟ್ಟು ಆ ಸಿಲಿಂಡರಿಗೆ ಏನು ತುಂಬಿಸ್ತೀರಿ?
ಗಾಳಿ, ಎಂದರು.
ಏನು ಗಾಳಿ?
ಬರೀ ಗಾಳಿ ದೊರೆಸ್ವಾಮಿ. ಭಾನುವಾರ ಬಂದು ನೋಡಿ.

ಹೀಗೆ ಬಂದೆ, ಐವತ್ತೆಂಟರಲ್ಲಿ, ಹೆಂಡತಿಗೆ ವಾಕಿಂಗ್ ಎಂದು ಹೇಳಿ.
ಹೆಣ್ಣೂರಿನ ಈಜುಕೊಳ, ಹದಿನಾಲ್ಕು ಅಡಿ, ಬೆಳಗಿನ ಆರು.
ಗೋಡೆಯಾಚೆ ಯಾರದೋ ಕುಕ್ಕರು ಕೂಗುತ್ತಿದೆ.
ಬೆನ್ನಿಗೆ ಕಬ್ಬಿಣದಂಥ ಭಾರ, ಬಾಯಲ್ಲಿ ರಬ್ಬರು,
ಕಪ್ಪು ಕೊಳವೆಯ ತುದಿಗೆ, ಕೊನೆಗೂ, ನನ್ನದೇ ಒಂದು ಮೀಟರು.
ಇನ್ನೂರು ಬಾರ್ ಎಂದಿತು ಮುಳ್ಳು.

ಉಸಿರು ಬಿಗಿ ಹಿಡಿಯಬಾರದು, ಅದೊಂದೇ ಶಾಸ್ತ್ರ.
ನಾನೆಲ್ಲಿ ಹಿಡಿದೆ? ಮೊಗೆದು ಮೊಗೆದು ಕುಡಿದೆ,
ಮದುವೆಮನೆಯ ಮೊದಲ ಪಂಕ್ತಿಯಲ್ಲಿ ಕೂತವನ ಹಾಗೆ.
ಇಪ್ಪತ್ತೆಂಟನೇ ನಿಮಿಷಕ್ಕೆ ನನ್ನ ಮುಳ್ಳು ತೊಂಬತ್ತರಲ್ಲಿ,
ಅವರದು ನೂರೈವತ್ತು.
ಅವರಿಗೆ ಅರವತ್ತಮೂರು. ಮಂಡಿ ನೋವು ಬೇರೆ.

ಗಂಡಸರ ಎದೆಗೂಡು ದೊಡ್ಡದು ಅಂಕಲ್, ಅದಕ್ಕೇ,
ಎಂದ ನದೀಮ್, ಟವೆಲಿನಲ್ಲಿ ನಡುಗುತ್ತ.
ಇರಬಹುದು. ಪೂರ್ತಿ ನಂಬಲಿಲ್ಲ.
ಎಲ್ಲ ಸ್ವಿಚ್ಚೂ ಆರಿಸಿದ್ದೀವಿ ಎಂದು ಆಣೆಯಿಟ್ಟ ಮನೆಯಲ್ಲೂ
ಮೀಟರಿನ ತಟ್ಟೆ ಗಿರ್ರನೆ ತಿರುಗುವುದನ್ನು ಕಂಡವನು ನಾನು.
ಎಲ್ಲೋ ಹಿಂದಿನ ಕೋಣೆಯಲ್ಲಿ ಗೀಸರು.
ಯಾರೂ ಸ್ನಾನ ಮಾಡದ ನೀರು ಕಾಯುತ್ತಲೇ ಇರುತ್ತದೆ.

ಮುಂದಿನ ಭಾನುವಾರಗಳಲ್ಲಿ ಹಿಂದಿನ ಕೋಣೆ ಹುಡುಕಿದೆ.
ಕೈ ಬೀಸುತ್ತಿದ್ದೆ, ಬಸ್ಸಿಗೆ ಅಡ್ಡ ನಿಂತವನಂತೆ. ಕಟ್ಟಿಕೊಂಡೆ.
ಸೊಂಟದ ಪಟ್ಟಿಯಿಂದ ಎರಡು ಕಿಲೋ ಸೀಸ ತೆಗೆದರು ಮೇಡಂ.
ಇನ್ನೊಂದಿತ್ತು. ಎಪ್ಪತ್ತೊಂಬತ್ತರಲ್ಲಿ ಹಲಸೂರು ಕೆರೆ, ತಮ್ಮನ ಒಂದು ಚಪ್ಪಲಿ.
ಅದನ್ನು ತೆಗೆಯಲು ಬರಲಿಲ್ಲ. ಅದು ಅಲ್ಲೇ ಉರಿಯಲಿ,
ಸಣ್ಣ ಬಲ್ಬು, ಎಂದುಕೊಂಡೆ.
ಮುಳ್ಳು ನೂರಹತ್ತು, ನೂರಹದಿನೆಂಟು.

ಮೇಡಂ ನೀರಲ್ಲಿ ಕೂರುವುದನ್ನು ನೋಡಬೇಕು.
ಕೂರುತ್ತಾರೆ, ಅಷ್ಟೆ. ಮಧ್ಯಾಹ್ನದ ಬ್ಯಾಂಕಿನ ಬೆಂಚಿನ ಮೇಲೆ
ಟೋಕನ್ ನಂಬರು ಮರೆತವರಂತೆ.
ಗುಳ್ಳೆ ಒಂದು ಸಾಲು ಹೋಯಿತೇ,
ಇನ್ನೊಂದು ಸಾಲಿಗೆ ನಾವೇ ಕಾಯಬೇಕು.

ಏಳನೇ ಭಾನುವಾರ ಗುಳ್ಳೆಗಳು ತಪ್ಪಿದವು.
ಅವರ ತಲೆಯ ಮೇಲೆ ನೀರು ಸಾರಿನಂತೆ ಕುದಿಯಿತು.
ಕೈ ಕಾಲು ಅಲುಗಲಿಲ್ಲ, ಕಣ್ಣು ಎಂದಿನ ಕಣ್ಣೇ,
ಬೆರಳಲ್ಲಿ ಎಲ್ಲ ಸರಿ ಎಂಬ ಸೊನ್ನೆ.
ಆದರೆ ಮುಳ್ಳು ನನ್ನದಕ್ಕಿಂತ ಕೆಳಗೆ: ಎಂಬತ್ತು.
ಐವತ್ತಾದಾಗ ಹೆಬ್ಬೆರಳೆತ್ತಿದವನು ನಾನು.
ಮೇಲೆ ಹೋಗೋಣ.
ಮೂರು ಸಾವಿರ ಸಲ ಇಳಿದವರು ವಿಧೇಯರಾಗಿ ನನ್ನ ಹಿಂದೆ ಬಂದರು.

ಮೆಟ್ಟಿಲ ಮೇಲೆ ಮುಖವಾಡ ತೆಗೆದು ಬಹಳ ಹೊತ್ತು ತೊಳೆದರು.
ಚೀಲದಲ್ಲಿ ಫೋನು ಅದುರಿ ಅದುರಿ ಸುಮ್ಮನಾಯಿತು.
ನದೀಮ್ ಬಾಯಿ ತೆರೆದ. ಅವನ ಕಾಲು ತುಳಿದೆ.

ಲಾಗ್ ಪುಸ್ತಕ ನನ್ನ ಕೈಗಿತ್ತರು, ಜೊತೆಗಾರ ಬರೆಯಬೇಕು:
ಆರಂಭ, ಮುಕ್ತಾಯ, ಸಹಿ.
ಆರಂಭ ಇನ್ನೂರು, ಬರೆದೆ.
ಮುಕ್ತಾಯದ ಚೌಕದಲ್ಲಿ ಪೆನ್ನು ನಿಂತಿತು.

ಕೆಲವು ಮನೆಗಳಲ್ಲಿ ದೀಪವಿರುತ್ತದೆ, ಕದವೂ ಓರೆಯಾಗಿರುತ್ತದೆ,
ಆದರೂ ನಾವು ಬಾಗಿಲು ಹಾಕಿದೆ ಎಂದು ಗೀಚಿ
ಹಿಂದಿನ ಮೂರು ತಿಂಗಳ ಸರಾಸರಿ ಹಾಕಿ ಹೊರಡುತ್ತೇವೆ.
ತಪ್ಪು ಲೆಕ್ಕ. ಆಫೀಸಿಗೂ ಗೊತ್ತು.

ನೂರೈವತ್ತು, ಎಂದು ಬರೆದೆ.
ಓದಿದರು.
ಅಂಥ ಮನೆಯ ಬೆಲ್ಲನ್ನು ನಾವು ಎರಡನೇ ಸಲ ಒತ್ತುವುದಿಲ್ಲ.