ಏಳರ ಬಾಲ

ಹತ್ತೂವರೆಯ ಸ್ಲಾಟು. ರಶೀದಿಯಲ್ಲಿ ಹೆಸರು ಪಿ. ದಸ್ತಗೀರ್,
ಗಾಡಿ ಟಿವಿಎಸ್, ಎರಡು ಸಾವಿರದ ನಾಲ್ಕರದ್ದು.
ತಲೆ ಎತ್ತದೆ ಕೇಳಿದೆ: ‘ಚಾಸಿ ನಂಬರಿನ ಕೊನೆಯ ಐದು ಹೇಳಿ.’
ಉತ್ತರ ಬರಲಿಲ್ಲ.
ಬಂದದ್ದು ಟರ್ಪೆಂಟೈನ್ ವಾಸನೆ.

ಚಿಂತಾಮಣಿಯ ಹುಣಸೆಹಣ್ಣಿನ ಮಂಡಿ ಹಿಂದೆ
ಪಂಕ್ಚರಿನವನಿಗೂ ಟೀಯವನಿಗೂ ನಡುವೆ
ಒಂದು ಬಾಗಿಲಗಲ ಇತ್ತು ಸಾಬರ ಅಂಗಡಿ.
ಅಲ್ಲಿ ಆರು ವರ್ಷ ನಾನು ತಗಡು ಉಜ್ಜಿದೆ,
ಬಿಳಿ ಬಳಿದೆ, ಸುಣ್ಣದ ದಾರ ಎಳೆದು ಟಪ್ ಅನ್ನಿಸಿದೆ.
ನಾಲ್ಕು ವರ್ಷ ಅಂಕಿ ಮುಟ್ಟಗೊಡಲಿಲ್ಲ.
ಆಮೇಲೆ ಕೊಟ್ಟದ್ದು ಒಂದು. ‘ಒಂದು ಸುಲಭ ಅಂದೋನು
ಪೇಂಟರಲ್ಲ ಗಂಗ್ಲಾ, ಗೋಡೆಗೆ ಸುಣ್ಣ ಹೊಡೆಯೋನು.’
ಸೊನ್ನೆ ಅಂದರೆ ಕೋಳಿಮೊಟ್ಟೆ, ಚೆಂಡಲ್ಲ.
ಎಂಟಕ್ಕೆ ಹೊಟ್ಟೆ ದೊಡ್ಡದು, ತಲೆ ಚಿಕ್ಕದು,
ನಮ್ಮ ಟೀಯವನ ಹಾಗೆ.

ಏಳು ಮಾತ್ರ ಕಲಿಸಲೇ ಇಲ್ಲ.
ಅದರ ಕಾಲನ್ನು ಕೆಳಗಿಳಿಸುತ್ತ ಇಳಿಸುತ್ತ
ಕೊನೆಗೆ, ಉಸಿರು ಬಿಗಿಹಿಡಿದು ಅಂತ ನಾನಂದುಕೊಂಡಿದ್ದೆ,
ಒಂದು ರಾಗಿಕಾಳಿನಷ್ಟು ಎಡಕ್ಕೆ ಬಾಲ ಬಿಡುತ್ತಿದ್ದರು.
ಮುರುಗಮಲ್ಲದ ದಾರಿಯಲ್ಲಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಆ ಬಾಲ ಕಂಡರೆ ಸಾಕು, ಗಾಡಿ ನಮ್ಮಂಗಡಿದು.

ಕನ್ನಡ ಅಂಕಿಯೇ ಬೇಕು ಅಂದವರಿಗೆ ಕನ್ನಡ ಬರೆದರು.
ಅವರೇ ಚೇಳೂರು ಸರ್ಕಲ್ಲಿನಲ್ಲಿ ದಂಡ ಕಟ್ಟಿ ಬಂದಾಗ
ಅಳಿಸಿ ಇಂಗ್ಲಿಷ್ ಬರೆದರು. ಎರಡಕ್ಕೂ ಅದೇ ರೇಟು.
‘ಕಾನೂನು ಬದಲಾದಷ್ಟೂ ಬ್ರಷ್ಷಿಗೆ ಬರ್ಕತ್ತು.’
ಕೋಲಾರ ಒಡೆದು ಏಳು ಹೋಗಿ ನಲವತ್ತು ಬಂದಾಗ
ಎರಡು ದಿನ ಮಂಕಾಗಿದ್ದರು.
ಮುಂದೆ ನಮ್ಮೂರಿಗೇ ಅರವತ್ತೇಳು ಸಿಕ್ಕಿತು ನೋಡಿ,
ಬೀದಿಗೆಲ್ಲ ಟೀ ಕೊಡಿಸಿದರು.

ಆಮೇಲೆ ಆ ಆದೇಶ.
ಅಲ್ಯೂಮಿನಿಯಂ ಹಾಳೆ, ಅಚ್ಚೊತ್ತಿದ ಅಂಕಿ,
ಮೂಲೆಯಲ್ಲಿ ಮಿನುಗುವ ಚಕ್ರ, ಲೇಸರಿನಲ್ಲಿ ಕೊರೆದ ಗುಟ್ಟು,
ಒಮ್ಮೆ ಕೂತರೆ ಬಿಚ್ಚಲಾಗದ ಲಾಕು.
ಕೈಬರಹಕ್ಕೆ ದಂಡ.
ಗಡುವು ಬಂತು, ಹೋಯಿತು, ಇನ್ನೊಂದು ಬಂತು.
ಮೂರನೇ ಗಡುವಿಗೆ ನಾನು ಶೋರೂಮು ಸೇರಿದೆ.
ಹೇಳಿ ಬರಲಿಲ್ಲ.

ಈಗ ನಿಂತಿದ್ದಾರೆ, ಒಂದು ಕಣ್ಣಿಗೆ ಪೊರೆ,
ಓಟಿಪಿ ಮೊಮ್ಮಗಳ ಫೋನಿನಲ್ಲಿದೆ, ಅವಳು ಕಾಲೇಜಿನಲ್ಲಿ.
ಚಾಸಿ ನಂಬರಿಗೆ ಜೇಬಿನಿಂದ ಬೀಡಿಕಟ್ಟಿನ ಕಾಗದ ತೆಗೆದು
ಕಬ್ಬಿಣಕ್ಕೆ ಒತ್ತಿ, ಪೆನ್ಸಿಲ್ ಉಜ್ಜಿ ಉಜ್ಜಿ
ಅಂಕಿಗಳನ್ನು ಮೇಲೆಬ್ಬಿಸಿ ನನ್ನ ಕೈಗಿಟ್ಟರು.
ಆರ್‌ಟಿಓ ಮುಂದೆ ಹಿಂದೆಲ್ಲ ಹೀಗೇ ಮಾಡುತ್ತಿದ್ದದ್ದು.

ಹಳೇ ಪ್ಲೇಟಿನ ಬೋಲ್ಟು ತುಕ್ಕು ಹಿಡಿದಿತ್ತು.
ಕೆಎ ಸೊನ್ನೆ ಏಳು. ಎಷ್ಟು ಸಲ ಒರೆಸಿದ್ದೆ ಅದನ್ನು!
‘ಮುರಿದು ಹಾಕಬೇಕಂತೆ’ ಅಂದೆ,
ಅಂತೆಯನ್ನು ಎರಡು ಸಲ ಅಂದೆ.
‘ಕೊಡು’ ಅಂದರು. ಕತ್ತರಿ ತಾವೇ ಹಿಡಿದು,
ಕಾಣದ ಸುಣ್ಣದ ಗೆರೆಯ ಮೇಲೆ ನಡೆದ ಹಾಗೆ
ಅಷ್ಟು ನೆಟ್ಟಗೆ ಕತ್ತರಿಸಿದರು.
ಚೀಲಕ್ಕೆ ಹಾಕಿದೆ. ಚೀಲದ ತುಂಬ ಅವರ ಬಾಲಗಳೇ.

ಹೊಸದನ್ನು ಬೆರಳಿನಿಂದ ಓದಿದರು, ಉಬ್ಬು ಉಬ್ಬಾಗಿ.
‘ಸೊನ್ನೆ ಪರವಾಗಿಲ್ಲ.
ಏಳು ಕಾನ್‌ಸ್ಟೇಬಲ್ ಥರ ನಿಂತಿದೆ.’
ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಗಾಡಿ ಸ್ಟ್ಯಾಂಡಿನಿಂದ ಇಳಿಸುತ್ತ, ನನ್ನ ಕಡೆ ನೋಡದೆ,
‘ಅಲ್ಲಿ ಉಸಿರು ಹಿಡಿಯೋದಲ್ಲ ಗಂಗ್ಲಾ.
ಬಿಡೋದು.
ಹಿಡಿದುಕೊಂಡರೆ ಕೈ ನಡುಗ್ತದೆ, ಬಿಟ್ಟರೆ ತಾನೇ ತಿರುಗ್ತದೆ.’

ಎಲ್ಲಿ ಬರೆಯಲಿ ಅಂತ ಕೇಳುವಷ್ಟರಲ್ಲಿ
ಮೂರನೇ ಕಿಕ್ಕಿಗೆ ಟಿವಿಎಸ್ ಹತ್ತಿಕೊಂಡಿತು.
ಹನ್ನೊಂದರ ಸ್ಲಾಟು, ಚಾಸಿ ನಂಬರ್ ಹೇಳಿ.